ಪಿಎಚ್ ಮೀಟರ್ ರೀಡಿಂಗ್ ನಿಲ್ತಾ ಇರ್ಲಿಲ್ಲ, ಸರಿ ಆಗಿದ್ದು ಹೀಗೆ

ಪೆನ್ ಥರದ ಪಿಎಚ್ ಮೀಟರ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ತೋರಿಸೋದು), ಬೋರ್ ನೀರು ನೋಡೋಕೆ ಇಟ್ಕೊಂಡಿರೋದು. ಒಂದೇ ಲೋಟದ ನೀರಿಗೆ ಒಂದ್ಸಲ 7.3 ಅನ್ನೋದು, ಐದು ನಿಮಿಷ ಬಿಟ್ರೆ 8.1, ನಂಬರ್ ಮೆಲ್ಲಗೆ ಜಾರ್ತಾನೇ ಇರೋದು.

ಬ್ಯಾಟರಿ ಬದಲಾಯಿಸಿದ್ರೂ ಅಷ್ಟೇ. ಪಿಎಚ್ ಗೊತ್ತಿರೋ ದ್ರಾವಣದಲ್ಲಿ ಅದ್ದಿ ಮೀಟರ್ ಹೊಂದಿಸೋದು, ಅಂದ್ರೆ ಕ್ಯಾಲಿಬ್ರೇಟ್, ಮತ್ತೆ ಮತ್ತೆ ಮಾಡಿದ್ರೆ ಅವತ್ತಿಗೆ ಸರಿ, ಮಾರನೇ ದಿನ ಅದೇ ಕಥೆ. ಆರ್‌ಒ ನೀರಲ್ಲಿ ನೆನೆಸಿಡಿ ಅಂತ ತುಂಬಾ ಜನ ಹೇಳ್ತಾರೆ, ದಯವಿಟ್ಟು ಬೇಡ, ಎಲೆಕ್ಟ್ರೋಡ್ (ನೀರಲ್ಲಿ ಅದ್ದೋ ತುದಿ) ಒಳಗಿನ ಉಪ್ಪು ಹೊರಗೆ ಹೋಗಿ ಇನ್ನೂ ಕೆಡತ್ತೆ.

ಕೆಲಸ ಮಾಡಿದ್ದು ಇದು. ಗಾಜಿನ ಬಲ್ಬ್ ಮೇಲೆ ಗಡಸು ನೀರಿನ ಬಿಳಿ ಪೊರೆ ಕೂತಿತ್ತು, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣತ್ತೆ. ಬಿಳಿ ವಿನೆಗರ್‌ನಲ್ಲಿ 15 ನಿಮಿಷ ಅದ್ದಿ ತೊಳೆದೆ. ಆಮೇಲೆ 22.4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿ, ಅದರಲ್ಲಿ ರಾತ್ರಿಯಿಡೀ ತುದಿ ಮುಳುಗಿಸಿಟ್ಟೆ, ಅಂಗಡೀಲಿ ಇದೇ ಸಾಂದ್ರತೆಯದ್ದು 3 ಮೋಲಾರ್ ಅಂತ ರೆಡಿ ಬಾಟಲೂ ಸಿಗತ್ತೆ.

ಬೆಳಿಗ್ಗೆ ಕ್ಯಾಲಿಬ್ರೇಷನ್, ಆರ್ಡರ್ ಮುಖ್ಯ: ಮೊದಲು ಪಿಎಚ್ 6.86 ಇರೋ ಬಫರ್ (ಪಿಎಚ್ ಗೊತ್ತಿರೋ ದ್ರಾವಣ), ಆಮೇಲೆ 4.00. ನೀರು 7ಕ್ಕಿಂತ ಮೇಲಿದ್ರೆ ಎರಡನೇದು 4.00 ಬದಲು 9.18. ಮಧ್ಯೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಟಿಶ್ಯೂ ಮುಟ್ಟಿಸಿ ಹನಿ ತೆಗೀರಿ, ಉಜ್ಜಬೇಡಿ, ಉಜ್ಜಿದ್ರೆ ಗಾಜಿನ ಮೇಲೆ ಚಾರ್ಜ್ ಕೂತು ರೀಡಿಂಗ್ ಓಡಾಡತ್ತೆ. ಬಫರ್ 25 ಡಿಗ್ರಿ ಹತ್ರ ಇರ್ಲಿ, ಬಿಸಿಲಲ್ಲಿಟ್ಟ 9.18 ಬಫರ್ 30 ಡಿಗ್ರೀಲಿ 9.14 ಆಗಿರತ್ತೆ. ನಂಬರ್ ನಿಂತ ಮೇಲೇನೇ ಬಟನ್ ಒತ್ತಿ.

ಈಗ ಅದೇ ನೀರು 7.6ಕ್ಕೆ ನಿಲ್ತಿದೆ. ಮುಚ್ಚಳದೊಳಗಿನ ಸ್ಪಾಂಜ್‌ಗೆ ಆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ನಾಲ್ಕು ಹನಿ ಹಾಕೇ ಮುಚ್ಚಿಡ್ತೀನಿ.