ಅಪಘಾತದ ಗಾಯಕ್ಕೆ ಪರಿಹಾರ: ಆಸ್ಪತ್ರೆಯ ಚೀಟಿಯಿಂದ ನ್ಯಾಯಮಂಡಳಿಯ ತೀರ್ಪಿನವರೆಗೆ

ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಶಿರೂರಿನ ತನಕ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಊರುಗಳನ್ನು ಸೀಳಿಕೊಂಡೇ ಹೋಗುತ್ತದೆ. ಹೀಗಾಗಿ ಮಂಗಳೂರು, ಉಡುಪಿ ಕಡೆ ಗಾಯಕ್ಕೆ ಪರಿಹಾರ ಕೇಳುವ ಪ್ರಕರಣವೆಂದರೆ ಬಹುತೇಕ ವಾಹನ ಅಪಘಾತದ್ದೇ, ವಕೀಲರ ಮಾತಿನಲ್ಲಿ ‘ಎಂವಿಸಿ ಕೇಸು’. ಇಂತಹ ಕೇಸು ವಾದದ ಬಲದಿಂದ ಗೆಲ್ಲುತ್ತದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಹಣೆಬರಹವನ್ನು ಬಹುಮಟ್ಟಿಗೆ ಬರೆಯುವುದು ಅಪಘಾತವಾದ ಮೊದಲ ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲೂ ಪೊಲೀಸ್ ಠಾಣೆಯಲ್ಲೂ ಹುಟ್ಟುವ ಕಾಗದಗಳು. ಆದ್ದರಿಂದ ಈ ಬರಹದಲ್ಲಿ ನ್ಯಾಯಾಲಯಕ್ಕಿಂತ ಮೊದಲಿನ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ತಿಳಿಯಬೇಕಾದದ್ದು ಪರಿಹಾರದ ಹೊಣೆ ಯಾರದೆಂಬುದು. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಗಾಯಾಳು, ಅಥವಾ ಆತ ಮೃತಪಟ್ಟಿದ್ದರೆ ಅವನ ವಾರಸುದಾರರು, ಇನ್ನೊಂದು ವಾಹನದ ಚಾಲಕನ ಅಜಾಗರೂಕತೆಯಿಂದ ತಮಗೆ ನಷ್ಟವಾಯಿತೆಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹೊಣೆ ಚಾಲಕನದೂ ಮಾಲೀಕನದೂ ಆಗಿದ್ದರೂ, ವಾಹನಕ್ಕೆ ಚಾಲ್ತಿಯಲ್ಲಿರುವ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಣ ಕೊಡುವುದು ವಿಮಾ ಕಂಪನಿ. ಈ ‘ಇನ್ನೊಬ್ಬನ ತಪ್ಪು’ ಎಂಬ ಅಂಶವನ್ನು ಮರೆಯಬಾರದು. ಮಳೆಗಾಲದಲ್ಲಿ ಬೈಕು ಜಾರಿ ತಾನಾಗಿಯೇ ಬಿದ್ದವನಿಗೆ 166ನೇ ಕಲಮಿನಡಿ ಯಾರ ಮೇಲೂ ಕ್ಲೇಮು ಇರುವುದಿಲ್ಲ. ಮಾಲೀಕನೇ ಚಾಲಕನಾಗಿದ್ದು ಪಾಲಿಸಿಯಲ್ಲಿ ವೈಯಕ್ತಿಕ ಅಪಘಾತ ವಿಮೆ ಸೇರಿದ್ದರೆ ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಅದರಿಂದ ಹಣ ಬರಬಹುದು. ಆದರೆ ಅದು ನ್ಯಾಯಮಂಡಳಿಯ ದಾರಿಯಲ್ಲ, ಪಾಲಿಸಿಯ ಷರತ್ತಿನ ದಾರಿ. ಗೆಳೆಯನ ಬೈಕನ್ನು ಕೇಳಿ ಪಡೆದು ಓಡಿಸಿ ಬಿದ್ದವನನ್ನೂ ಕಾನೂನು ಮಾಲೀಕನ ಜಾಗದಲ್ಲೇ ನಿಲ್ಲಿಸುತ್ತದೆ.

ಆಸ್ಪತ್ರೆಯಲ್ಲಿ ಆಗುವ ಅತ್ಯಂತ ದುಬಾರಿ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ. ಗಾಯಾಳು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೇ ಹೋಗಲಿ, ಮಣಿಪಾಲಕ್ಕೇ ಹೋಗಲಿ, ತುರ್ತು ವಿಭಾಗದ ವೈದ್ಯರು ಗಾಯ ಹೇಗಾಯಿತೆಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿ ಕರೆತಂದವರು ‘ಬೈಕಿನಿಂದ ಬಿದ್ದದ್ದು’ ಎಂದಷ್ಟೇ ಹೇಳಿಬಿಟ್ಟರೆ ದಾಖಲೆಯಲ್ಲಿ ‘ಸೆಲ್ಫ್ ಫಾಲ್’ ಎಂದು ಸೇರಿಕೊಳ್ಳುತ್ತದೆ. ಎರಡು ವರ್ಷದ ಬಳಿಕ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ತೆರೆಯುವುದು ಅದೇ ಪುಟವನ್ನು: ಕಾರು ಡಿಕ್ಕಿ ಹೊಡೆದದ್ದು ನಿಜವಾಗಿದ್ದರೆ ಅಂದೇ ಏಕೆ ಹೇಳಲಿಲ್ಲ, ವಿಮೆಯಿರುವ ವಾಹನವೊಂದನ್ನು ಆಮೇಲೆ ಹುಡುಕಿ ಸೇರಿಸಿದಿರಲ್ಲವೇ? ಹಾಗಾಗಿ ಯಾವ ಜಾಗದಲ್ಲಿ, ಯಾವ ಬಗೆಯ ವಾಹನ, ಯಾವ ಕಡೆಯಿಂದ ಬಂದು ಹೊಡೆಯಿತು ಎಂಬುದನ್ನು ಅಲ್ಲಿಯೇ ಸ್ಪಷ್ಟವಾಗಿ ಹೇಳಿ. ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಿ, ಪೊಲೀಸರಿಗೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸು) ಸೂಚನೆ ಹೋಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ತಪ್ಪು ನಮೂದಾಗಿರುವುದು ಗಮನಕ್ಕೆ ಬಂದರೆ ದಾಖಲಾಗಿರುವಾಗಲೇ ಲಿಖಿತವಾಗಿ ತಿಳಿಸಬೇಕು. ಬಿಡುಗಡೆಯಾದ ಮೇಲೆ ತಿದ್ದಿಸುವುದು ಕಷ್ಟ, ತಿದ್ದಿಸಿದರೂ ಅದೇ ಇನ್ನೊಂದು ಸಂಶಯಕ್ಕೆ ದಾರಿಯಾಗುತ್ತದೆ.

ಎರಡನೆಯ ಕಾಗದ ಪೊಲೀಸ್ ದೂರು. ನಮ್ಮ ಕಡೆ ಗಾಯಾಳು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆದದ್ದನ್ನು ಹೇಳುತ್ತಾನೆ, ಸಿಬ್ಬಂದಿ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಮಾತು ಭಾಷೆಯಿಂದ ಭಾಷೆಗೆ ದಾಟುವಾಗ ದಿಕ್ಕು ಕಳೆದುಹೋಗುವುದು ಅಪರೂಪವಲ್ಲ. ಪಡುಬಿದ್ರಿಯಲ್ಲಿ ಮಂಗಳೂರು ಕಡೆಗೆ ಹೋಗುತ್ತಿದ್ದವನು ಉಡುಪಿ ಕಡೆಗೆ ಹೋಗುತ್ತಿದ್ದನೆಂದು ನಮೂದಾದರೆ, ನಾಲ್ಕು ಪಥದ ರಸ್ತೆಯಲ್ಲಿ ಅವನೇ ತಪ್ಪು ದಿಕ್ಕಿನಲ್ಲಿ ಬಂದಂತಾಗುತ್ತದೆ. ಸಹಿ ಹಾಕುವ ಮೊದಲು ಹೇಳಿಕೆಯನ್ನು ಓದಿಸಿ ಕೇಳಿಸಿಕೊಳ್ಳುವುದು ನಿಮ್ಮ ಹಕ್ಕು. ಎಫ್‌ಐಆರ್ ಪ್ರತಿಯೂ ದೂರುದಾರನಿಗೆ ಉಚಿತವಾಗಿ ಸಿಗಬೇಕು. ಗಾಯಾಳು ಐಸಿಯುನಲ್ಲಿದ್ದರೆ ಮನೆಯವರಾಗಲಿ, ಕಣ್ಣಾರೆ ಕಂಡವರಾಗಲಿ ದೂರು ಕೊಡಬಹುದು. ಚಿಕಿತ್ಸೆಯ ಗಡಿಬಿಡಿಯಲ್ಲಿ ದೂರು ಕೆಲವು ದಿನ ತಡವಾದರೆ ಅಷ್ಟಕ್ಕೇ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ, ಆದರೆ ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿಸಿರಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರ ಹೆಸರು, ಫೋನ್ ನಂಬರನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಿ. ನೆರವಾದವರನ್ನು ಕಾಯ್ದೆಯ 134ಎ ಕಲಮು ರಕ್ಷಿಸುತ್ತದೆ, ಸಾಕ್ಷಿ ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ.

ಬಳಿಕ ಠಾಣೆಯಿಂದ ಪಡೆಯಬೇಕಾದವು ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ವೂಂಡ್ ಸರ್ಟಿಫಿಕೇಟ್ (ಗಾಯಗಳ ಬಗ್ಗೆ ವೈದ್ಯರು ಬರೆದುಕೊಡುವ ಪತ್ರ), ಕೊನೆಗೆ ಆರೋಪಪಟ್ಟಿ. ನಕ್ಷೆಯನ್ನು ಮಾತ್ರ ಕಣ್ಣಿಟ್ಟು ನೋಡಿ. ಡಿಕ್ಕಿಯ ಜಾಗ ರಸ್ತೆಯ ಯಾವ ಅಂಚಿನಿಂದ ಎಷ್ಟು ದೂರವೆಂಬುದು ತಪ್ಪು ಯಾರದೆಂಬುದಕ್ಕೆ ನೇರ ಪುರಾವೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು, ಮತ್ತು ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನೇ ನಂಬಿಕೊಂಡು ಸುಮ್ಮನಿರುವುದು ಮಾತ್ರ ಜಾಣತನವಲ್ಲ.

ಏಕೆಂದರೆ 2022ರ ಏಪ್ರಿಲ್ 1ರಿಂದ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಕಾಲಮಿತಿಯಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿರುವುದು ನಿಜವಾದರೂ, ಆರು ತಿಂಗಳೊಳಗೆ ಅರ್ಜಿ ದಾಖಲಿಸುವುದೇ ಕ್ಷೇಮ. ಚಿಕಿತ್ಸೆ ಮುಗಿಯಲೆಂದು ಕಾಯಬೇಕಾಗಿಲ್ಲ, ಆಮೇಲಿನ ಬಿಲ್ಲುಗಳನ್ನೂ ಅಂಗವೈಕಲ್ಯದ ಪುರಾವೆಯನ್ನೂ ವಿಚಾರಣೆಯ ವೇಳೆ ಹಾಜರುಪಡಿಸಬಹುದು. ಎಲ್ಲಿ ದಾಖಲಿಸಬೇಕೆಂಬ ಆಯ್ಕೆ ಅರ್ಜಿದಾರನದು: ಅಪಘಾತ ನಡೆದ ಜಾಗ, ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗ, ಎದುರುದಾರ ವಾಸಿಸುವ ಜಾಗ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಕಾಸರಗೋಡಿನಲ್ಲಿ ಕೇರಳದ ಲಾರಿಯಿಂದ ಪೆಟ್ಟು ತಿಂದ ಉಳ್ಳಾಲದ ವ್ಯಕ್ತಿ ಗಡಿ ದಾಟಿ ಅಲೆಯಬೇಕಿಲ್ಲ, ಮಂಗಳೂರಿನಲ್ಲೇ ಅರ್ಜಿ ಹಾಕಬಹುದು.

ವಿಚಾರಣೆ ಹೆಚ್ಚು ಗೊಂದಲದ್ದಲ್ಲ. ಮಾಲೀಕನಿಗೂ ವಿಮಾ ಕಂಪನಿಗೂ ನೋಟಿಸು ಹೋಗುತ್ತದೆ, ಅವರು ಆಕ್ಷೇಪಣೆ ಸಲ್ಲಿಸುತ್ತಾರೆ, ಅರ್ಜಿದಾರ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಾಕ್ಷ್ಯ ಕೊಟ್ಟು ಪಾಟೀಸವಾಲಿಗೆ ಉತ್ತರಿಸುತ್ತಾನೆ, ವೈದ್ಯರು ಬಂದು ಅಂಗವೈಕಲ್ಯದ ಪ್ರಮಾಣವನ್ನು ಹೇಳುತ್ತಾರೆ, ವಾದದ ಬಳಿಕ ತೀರ್ಪು. ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತ ಪುರಾವೆ ಇಲ್ಲಿ ಬೇಡ. ಹೆಚ್ಚು ಸಂಭವನೀಯವೆನಿಸಿದರೆ ಸಾಕು.

ಮೊತ್ತದ ಲೆಕ್ಕವನ್ನು ಮಾತ್ರ ಪ್ರತಿಯೊಬ್ಬ ಗಾಯಾಳುವೂ ಸ್ವತಃ ಅರ್ಥಮಾಡಿಕೊಳ್ಳಬೇಕು, ಏಕೆಂದರೆ ರಾಜಿಯ ಮಾತು ಬಂದಾಗ ಕೊಡಲು ಬಂದ ಹಣ ಹೆಚ್ಚೋ ಕಡಿಮೆಯೋ ಎಂದು ತೂಗಲು ಬೇರೆ ತಕ್ಕಡಿಯಿಲ್ಲ. ನೋವು ಮತ್ತು ಯಾತನೆ, ವೈದ್ಯಕೀಯ ವೆಚ್ಚ, ಪ್ರಯಾಣ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಹಾಸಿಗೆ ಹಿಡಿದಿದ್ದ ತಿಂಗಳುಗಳ ಆದಾಯ ನಷ್ಟ, ಬದುಕಿನ ಸುಖ ಸೌಕರ್ಯಗಳ ನಷ್ಟ, ಮುಂದಿನ ಶಸ್ತ್ರಚಿಕಿತ್ಸೆ ಎಂಬ ಬೇರೆ ಬೇರೆ ಶೀರ್ಷಿಕೆಗಳಿವೆ. ಗಂಭೀರ ಗಾಯದಲ್ಲಿ ದೊಡ್ಡ ಮೊತ್ತ ಬರುವುದು ಮಾತ್ರ ಅಂಗವೈಕಲ್ಯದಿಂದಾದ ಮುಂದಿನ ಆದಾಯ ನಷ್ಟದಿಂದ. ಇದಕ್ಕೆ ಸರಳಾ ವರ್ಮಾ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟು ನಿಗದಿಪಡಿಸಿದ ಗುಣಕವನ್ನು ಬಳಸುತ್ತಾರೆ: 25 ವರ್ಷದವರೆಗೆ 18, 31ರಿಂದ 35ಕ್ಕೆ 16, 41ರಿಂದ 45ಕ್ಕೆ 14, 56ರಿಂದ 60ಕ್ಕೆ 9, ಹೀಗೆ ವಯಸ್ಸು ಏರಿದಂತೆ ಇಳಿಯುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ 34 ವರ್ಷದವನಿಗೆ 12 ಶೇಕಡಾ ಅಂಗವೈಕಲ್ಯವಾಗಿದೆಯೆಂದುಕೊಳ್ಳಿ. 15,000ವನ್ನು 12 ತಿಂಗಳಿಂದಲೂ 16ರ ಗುಣಕದಿಂದಲೂ ಗುಣಿಸಿ ಅದರ 12 ಶೇಕಡಾ ತೆಗೆದರೆ 3,45,600 ರೂಪಾಯಿ. ಸ್ವಂತ ದುಡಿಮೆಯ, 40 ವರ್ಷದೊಳಗಿನವರ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು 40 ಶೇಕಡಾ ಸೇರಿಸಬೇಕೆಂದು ಪ್ರಣಯ್ ಸೇಥಿ ಪ್ರಕರಣದಲ್ಲಿ (2017) ಹೇಳಿರುವುದನ್ನು ಇಲ್ಲಿ ಅನ್ವಯಿಸಿದರೆ ಅದೇ ಮೊತ್ತ 4,83,840 ಆಗುತ್ತದೆ. ಅದು ಸಾವಿನ ಪ್ರಕರಣದ ತೀರ್ಪಾದರೂ, ಶಾಶ್ವತ ಅಂಗವೈಕಲ್ಯದಲ್ಲೂ ಭವಿಷ್ಯದ ಏರಿಕೆ ಸಲ್ಲುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಅರ್ಜಿಯಲ್ಲಿ ಇದನ್ನು ಬಿಡಬಾರದು.

ಈ ಲೆಕ್ಕದಲ್ಲಿ ಎರಡು ಅಂಕಿಗಳ ಮೇಲೆ ನಿಜವಾದ ಜಗಳ ನಡೆಯುತ್ತದೆ. ಒಂದು, ಅಂಗವೈಕಲ್ಯದ ಶೇಕಡಾವಾರು. ವೈದ್ಯರು ಕಾಲಿಗೆ 36 ಶೇಕಡಾ ಎಂದರೆ ಅದು ಇಡೀ ದೇಹಕ್ಕಲ್ಲ. ಅದರ ಮೂರನೇ ಒಂದು ಪಾಲನ್ನು ಇಡೀ ದೇಹದ್ದೆಂದು ಹಿಡಿಯುವುದು ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಬಳಕೆಯಲ್ಲಿದೆ. ಆದರೆ ರಾಜ್‌ಕುಮಾರ್ ಪ್ರಕರಣದ ತೀರ್ಪಿನ (2010) ಪ್ರಕಾರ ನೋಡಬೇಕಾದದ್ದು ದೇಹಕ್ಕಾದ ಊನವನ್ನಲ್ಲ, ದುಡಿಮೆಗಾದ ಊನವನ್ನು. ಮಂಡಿ ಮಡಚಲಾಗದ ಬ್ಯಾಂಕ್ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಅಡಿಕೆ ಮರ ಹತ್ತಿ ಮದ್ದು ಬಿಡುವವನೂ ಮಲ್ಪೆಯ ಬೋಟಿನಲ್ಲಿ ಬಲೆ ಎಳೆಯುವವನೂ ಅದೇ ಗಾಯದಿಂದ ಇಡೀ ಕಸುಬನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಏನು ಕೆಲಸ ಮಾಡುತ್ತಿದ್ದಿರಿ, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಎಂಬುದನ್ನು ಪ್ರಮಾಣಪತ್ರದಲ್ಲಿ ಬಿಡಿಬಿಡಿಯಾಗಿ ಬರೆಯಿಸಿ, ವೈದ್ಯರ ಸಾಕ್ಷ್ಯದಲ್ಲೂ ಅದು ಬರುವಂತೆ ನೋಡಿಕೊಳ್ಳಬೇಕು.

ಇನ್ನೊಂದು, ಆದಾಯ. ಸಂಬಳದ ಚೀಟಿ, ಆದಾಯ ತೆರಿಗೆ ವಿವರ ಇರುವವರಿಗೆ ತೊಂದರೆಯಿಲ್ಲ. ಬೀಡಿ ಕಟ್ಟುವವರು, ಮೀನು ಮಾರುವವರು, ಗಾರೆ ಕೆಲಸದವರು ಏನೂ ತೋರಿಸಲಾಗದಿದ್ದಾಗ ನ್ಯಾಯಾಲಯಗಳು ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಆಧರಿಸುವುದುಂಟು. ಅದು ಅಪಘಾತದ ವರ್ಷಕ್ಕೆ ತಕ್ಕಂತೆ ಒಂದೇ ಮೊತ್ತ, ನಿಮ್ಮ ನಿಜವಾದ ಗಳಿಕೆ ಅದಕ್ಕಿಂತ ಹೆಚ್ಚಿದ್ದರೆ ನಷ್ಟ ನಿಮ್ಮದೇ. ಬೀಡಿ ಕಾರ್ಮಿಕರ ಪಾಸ್‌ಬುಕ್, ಸಹಕಾರಿ ಸಂಘದ ವ್ಯವಹಾರ, ಸಾಲದ ಕಂತು ಕಟ್ಟಿದ ಬ್ಯಾಂಕ್ ಖಾತೆ, ಕೂಲಿ ಕೊಟ್ಟವರ ಸಾಕ್ಷ್ಯ, ಇವೆಲ್ಲ ಪುರಾವೆಗಳೇ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ವಿಷಯದಲ್ಲಿ ಒಂದು ತೀರ್ಪು ಗಮನಾರ್ಹ. 2010ರ ಮೇ 22ರಂದು ಮಂಗಳೂರು ವಿಮಾನ ದುರಂತದಲ್ಲಿ 158 ಮಂದಿ ಮೃತಪಟ್ಟರು. ಅವರಲ್ಲಿ ಒಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ನಿಗದಿಪಡಿಸುವಾಗ, ಉದ್ಯೋಗದಾತ ಸಂಬಳವನ್ನು ಬೇರೆ ಬೇರೆ ಭತ್ಯೆಗಳಾಗಿ ಒಡೆದಿದ್ದಾನೆಂಬ ಕಾರಣಕ್ಕೆ ಅವನ್ನು ಆದಾಯದಿಂದ ಕಳೆಯುವಂತಿಲ್ಲ ಎಂದಿತು. ವಿಮಾನಯಾನಕ್ಕೆ ಕಾನೂನು ಬೇರೆಯಾದರೂ ಆದಾಯವನ್ನು ಅಳೆಯುವ ಈ ತರ್ಕ ರಸ್ತೆ ಅಪಘಾತದಲ್ಲೂ ಉಪಯೋಗಕ್ಕೆ ಬರುತ್ತದೆ.

ವಿಮಾ ಕಂಪನಿಯ ಆಕ್ಷೇಪಣೆಗಳು ಹೆಚ್ಚುಕಡಿಮೆ ಪ್ರತಿ ಕೇಸಿನಲ್ಲೂ ಒಂದೇ: ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ಪಾಲಿಸಿ ಚಾಲ್ತಿಯಲ್ಲಿರಲಿಲ್ಲ, ಗಾಯಾಳುವಿನದೂ ತಪ್ಪಿದೆ. ಲೈಸೆನ್ಸಿನ ಕೊರತೆಯಿದ್ದಾಗ ಕಂಪನಿಯೇ ಮೊದಲು ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲಿ ಮಾಡಲಿ ಎಂದು ಆದೇಶಿಸುವುದುಂಟು. ಬೈಕಿನ ಹಿಂಬದಿ ಸವಾರರು ಪಾಲಿಸಿಯ ಬಗೆಯನ್ನು ನೋಡಬೇಕು. ತಾವು ಕುಳಿತಿದ್ದ ಬೈಕಿನದೇ ತಪ್ಪಾಗಿದ್ದು ಅದಕ್ಕೆ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಅವರ ಗಾಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಗಾಯಾಳುವಿನ ಪಾಲಿನ ತಪ್ಪು ಸಾಬೀತಾದರೆ ಅಷ್ಟು ಶೇಕಡಾ ಪರಿಹಾರ ಕಡಿತವಾಗುತ್ತದೆ. ಆದರೆ ಬೈಕಿನಲ್ಲಿ ಮೂವರಿದ್ದರೆಂಬ ಒಂದೇ ಕಾರಣಕ್ಕೆ ಕಡಿತ ಮಾಡುವಂತಿಲ್ಲ, ಅದಕ್ಕೂ ಅಪಘಾತಕ್ಕೂ ಸಂಬಂಧವಿತ್ತೆಂದು ತೋರಿಸಬೇಕೆಂಬುದು 2020ರ ಇನ್ನೊಂದು ತೀರ್ಪಿನ ಮಾತು.

ವಕೀಲರನ್ನು ಆಯ್ದುಕೊಳ್ಳುವಾಗ ಆಸ್ಪತ್ರೆಯ ವಾರ್ಡಿಗೇ ಬಂದು ವಕಾಲತ್ತಿಗೆ ಸಹಿ ಕೇಳುವ ದಲ್ಲಾಳಿಗಳನ್ನು ದೂರವಿಡಿ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡುವುದು ಬಾರ್ ಕೌನ್ಸಿಲಿನ ನಿಯಮಕ್ಕೆ ವಿರುದ್ಧ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಕೈಸೇರುತ್ತದೆ, ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಮೂಳೆಗೆ ಹಾಕಿದ ಪ್ಲೇಟನ್ನು ಇನ್ನೂ ತೆಗೆಸಬೇಕಾಗಿರುವವರು ಆ ಖರ್ಚು ಸೇರಿದೆಯೇ ಎಂದು ನೋಡದೆ ಒಪ್ಪಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೊಡೆದ ವಾಹನ ಪತ್ತೆಯೇ ಆಗದಿದ್ದರೆ 2022ರ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಕೆಲಸಕ್ಕಾಗಿ ಹೋಗುತ್ತಿದ್ದಾಗ ಅಪಘಾತವಾಗಿ ಕಾರ್ಮಿಕ ಪರಿಹಾರದ ಕಾನೂನೂ ಅನ್ವಯಿಸುವಂತಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು. ಚಿಕಿತ್ಸೆಯಲ್ಲೇ ನಿರ್ಲಕ್ಷ್ಯವಾಗಿದೆಯೆಂಬ ದೂರು ಬೇರೆ ವಿಷಯ. ಅದನ್ನು 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಒಯ್ಯಬೇಕು.

ತೀರ್ಪಿನ ಮೊತ್ತಕ್ಕೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸಿಗುತ್ತದೆ, ಮತ್ತು ಅದರ ಒಂದು ಭಾಗವನ್ನು ಕೆಲವು ವರ್ಷಗಳ ಮಟ್ಟಿಗೆ ಬ್ಯಾಂಕ್ ಠೇವಣಿಯಲ್ಲಿಡಲು ನ್ಯಾಯಮಂಡಳಿ ಆದೇಶಿಸಬಹುದು. ನಡುವೆ ಶಸ್ತ್ರಚಿಕಿತ್ಸೆಗೋ ಮಕ್ಕಳ ಓದಿಗೋ ಹಣ ಬೇಕಾದರೆ ಠೇವಣಿ ಬಿಡಿಸಿಕೊಡುವಂತೆ ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಅವಕಾಶವಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ, ಮತ್ತು ಅಲ್ಲಿ ಮರುಪರಿಶೀಲನೆಯಾಗುವುದು ಇಲ್ಲಿ ಸಾಕ್ಷ್ಯವಾಗಿ ಗುರುತು ಹಾಕಿಸಿದ ದಾಖಲೆಗಳೇ ಆದ್ದರಿಂದ ತೀರ್ಪು, ಸಾಕ್ಷಿಗಳ ಹೇಳಿಕೆ, ದಾಖಲೆಗಳು ಇವೆಲ್ಲದರ ದೃಢೀಕೃತ ಪ್ರತಿಗಳಿಗೆ ತೀರ್ಪು ಬಂದ ವಾರದಲ್ಲೇ ಅರ್ಜಿ ಕೊಡುವುದು ಒಳ್ಳೆಯದು.