ಹೊಸಬರಿಗೆ ಮಾರ್ಗದರ್ಶಿ: ‘ಸ್ಪ್ಲ್ಯಾಶ್ ಔಟ್’ ಅಂದರೆ ಬೈಗುಳ ಅಲ್ಲ

ಇಂಗ್ಲಿಷ್ ಮಾತಾಡುವ ಊರಿಗೆ ಹೊಸದಾಗಿ ಬಂದಿದ್ದೀರಿ. ಬ್ಯಾಂಕ್ ಖಾತೆ, ಬಾಡಿಗೆ ಮನೆ, ಇವೆಲ್ಲ ನೀವೇ ನೋಡಿಕೊಳ್ಳುತ್ತೀರಿ. ಕನ್ನಡದವರು ಲೆಕ್ಕದಲ್ಲಿ ಗಟ್ಟಿ. ಎಡವುವುದು ಇಲ್ಲಿನ ಇಂಗ್ಲಿಷ್ ಮಾತಿನಲ್ಲಿ, ಅದರಲ್ಲೂ ದುಡ್ಡಿನ ಮಾತಿನಲ್ಲಿ.

ಬಂದ ಹೊಸದರಲ್ಲಿ ನಾನೊಂದು ಒಳ್ಳೆಯ ಕೋಟು ಕೊಂಡಿದ್ದೆ. ಜೊತೆಗೆ ಕೆಲಸ ಮಾಡುವವರೊಬ್ಬರು ನೋಡಿ, ‘ಓಹ್, ಯು ಹ್ಯಾವ್ ಸ್ಪ್ಲ್ಯಾಶ್ಡ್ ಔಟ್!’ ಅಂದರು. ಸ್ಪ್ಲ್ಯಾಶ್ ಅಂದರೆ ನೀರು ಎರಚುವುದು ಅಲ್ವಾ? ದುಡ್ಡನ್ನು ನೀರಿನ ಹಾಗೆ ಚೆಲ್ಲಿದ್ದೀಯ ಅಂತ ಚುಚ್ಚಿದರು ಅಂದುಕೊಂಡೆ. ಡಿಸ್ಕೌಂಟ್ ಇತ್ತು, ಹಳೆಯದು ಹರಿದಿತ್ತು ಅಂತ ಹತ್ತು ನಿಮಿಷ ಸಮಜಾಯಿಷಿ ಕೊಟ್ಟೆ. ಪಾಪ, ಅವರು ಖುಷಿಯಿಂದ ಅಂದಿದ್ದರು. ಸುಮ್ನೆ ‘ಥ್ಯಾಂಕ್ಸ್’ ಅಂದಿದ್ದರೆ ಮುಗಿಯುತ್ತಿತ್ತು. ನಮ್ಮವರಿಗೆ ಕೇಳದಿದ್ದರೂ ರೇಟು ಹೇಳುವ ಚಟ. ದಯವಿಟ್ಟು ಬಿಡಿ.

ನಮ್ಮ ‘ಕೈ ಬಿಚ್ಚಿ ಖರ್ಚು ಮಾಡುವುದು’ ಇದಕ್ಕೆ ಹತ್ತಿರ. ತೀರಾ ಬೇಕೇಬೇಕು ಅಂತಿಲ್ಲದ್ದನ್ನು ಆಸೆಪಟ್ಟು, ಎಂದಿಗಿಂತ ಜಾಸ್ತಿ ಕೊಟ್ಟು ತಗೊಂಡಾಗ ಬರುವ ಮಾತು. ಕರೆಂಟ್ ಬಿಲ್ ಕಟ್ಟಿ ಬಂದು ‘ಸ್ಪ್ಲ್ಯಾಶ್ ಔಟ್’ ಅನ್ನಬೇಡಿ, ನಗುತ್ತಾರೆ. ನಾವು ‘ಸೋಫಾಗೆ ಖರ್ಚು ಮಾಡಿದೆ’ ಅನ್ನುವವರು. ಆ ‘ಗೆ’ ನಾಲಿಗೆಯಲ್ಲೇ ಕೂತಿರುತ್ತದೆ, ಹಾಗಾಗಿ ‘ಫಾರ್’ ಬಂದುಬಿಡುತ್ತದೆ. ‘ಆನ್’ ಹಾಕಿ: ‘ಸ್ಪ್ಲ್ಯಾಶ್ಡ್ ಔಟ್ ಆನ್ ಎ ಸೋಫಾ’. ಇದು ಬ್ರಿಟಿಷರ ಕಡೆ ಹೆಚ್ಚು. ಅಮೆರಿಕನ್ನರು ‘ಸ್ಪ್ಲರ್ಜ್’ ಅನ್ನುತ್ತಾರೆ. ಅದಕ್ಕೂ ‘ಆನ್’.

ನಿಜವಾಗಿ ಹುಷಾರಾಗಿರಬೇಕಾದ್ದು ‘ಶೆಲ್ ಔಟ್’ ಜೊತೆ. ಎರಡೂ ಖರ್ಚೇ ತಾನೇ ಅಂತ, ಊಟಕ್ಕೆ ಕರೆದವರಿಗೆ ‘ನಮಗೋಸ್ಕರ ಎಷ್ಟೊಂದು ಶೆಲ್ ಔಟ್ ಮಾಡಿದಿರಿ’ ಅಂತ ಇಂಗ್ಲಿಷಿನಲ್ಲಿ ಹೊಗಳಿದೆ. ಅವರ ಮುಖ ಸಣ್ಣಗಾಯಿತು. ಸಿಪ್ಪೆ ಸುಲಿದು ಕಾಳು ತೆಗೆದ ಹಾಗೆ, ಮನಸ್ಸಿಲ್ಲದೆ ದುಡ್ಡು ಬಿಚ್ಚುವುದು ಅದು. ‘ದಂಡ ತೆತ್ತೆ’ ಅನ್ನುತ್ತೇವಲ್ಲ, ಆ ಧಾಟಿ. ಕಾರು ರಿಪೇರಿಗೆ ಸರಿ, ಅತಿಥಿ ಸತ್ಕಾರಕ್ಕೆ ಅಲ್ಲ. ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಉಳಿದವು:

ಫೋರ್ಕ್ ಔಟ್: ಶೆಲ್ ಔಟ್ ಥರವೇ, ಗೊಣಗುತ್ತಾ ಕೊಡುವುದು.

ಕಾಫ್ ಅಪ್: ನಮ್ಮ ‘ದುಡ್ಡು ಕಕ್ಕು’. ಮೇಲಧಿಕಾರಿಯ ಎದುರು ಬೇಡ.

ಕಟ್ ಬ್ಯಾಕ್: ಖರ್ಚು ಕಡಿಮೆ ಮಾಡುವುದು. ಇದಕ್ಕೂ ‘ಆನ್’.

ಚಿಪ್ ಇನ್: ಎಲ್ಲರೂ ಸೇರಿ ಒಂದಿಷ್ಟು ಹಾಕುವುದು. ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆಗೆ ಹೀಗೆ ಕೇಳಿದರೆ ಕೈಲಾದಷ್ಟು ಹಾಕಿ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಕ್ಕೂ ಇದೇ ಪದ. ಅರ್ಥ ಆಗಲಿಲ್ಲ ಅಂತ ಇನ್ನು ಹೇಳುವ ಹಾಗಿಲ್ಲ.