ನಗರದ ಕಾರ್ಯಕ್ರಮ ಕೈತಪ್ಪದಿರಲು ಏನು ಮಾಡಬೇಕು?

ಸಂಗೀತ ಕಛೇರಿಯೋ ನಾಟಕವೋ ಮುಗಿದ ಮರುದಿನ ಯಾರೋ ಹಾಕಿದ ಫೋಟೊ ನೋಡಿ 'ಅಯ್ಯೋ, ಗೊತ್ತೇ ಆಗಲಿಲ್ಲವಲ್ಲ' ಎನ್ನುವವರೇ ಜಾಸ್ತಿ. ದೊಡ್ಡ ಊರುಗಳಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ಸುದ್ದಿ ಸಮಯಕ್ಕೆ ಕಿವಿಗೆ ಬೀಳುವುದಿಲ್ಲ, ಅಷ್ಟೆ. ಒಂದು ಸಂಜೆ ಕೂತು ಸ್ವಲ್ಪ ವ್ಯವಸ್ಥೆ ಮಾಡಿಕೊಂಡರೆ ಈ ಗೋಳು ಮುಕ್ಕಾಲು ಪಾಲು ತಪ್ಪುತ್ತದೆ.

ಕಲಾವಿದರ ಬೆನ್ನು ಬಿಡಿ, ಜಾಗ ಹಿಡಿಯಿರಿ

ನಾವು ಸಾಮಾನ್ಯವಾಗಿ ಇಷ್ಟದ ಗಾಯಕರನ್ನೋ ನಟರನ್ನೋ ಫೋನಿನಲ್ಲಿ ಫಾಲೋ ಮಾಡುತ್ತೇವೆ. ಅವರು ನಮ್ಮ ಊರಿಗೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಆದರೆ ಒಂದು ಸಭಾಂಗಣದಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಏನಾದರೂ ನಡೆಯುತ್ತದೆ. ಹಾಗಾಗಿ ಮೂರು ನಾಲ್ಕು ಜಾಗಗಳನ್ನು ಆರಿಸಿಕೊಳ್ಳಿ: ಒಂದು ಸಂಗೀತದ ಸಭಾಂಗಣ, ಒಂದು ಪುಟ್ಟ ರಂಗಮಂದಿರ, ಒಂದು ಗ್ಯಾಲರಿ. ಮನೆಯಿಂದ ಅಥವಾ ಆಫೀಸಿನಿಂದ ಹೋಗಿಬರಲು ಸುಲಭವಾಗಿರಬೇಕು. ಎಷ್ಟೇ ಒಳ್ಳೆಯ ರಂಗಮಂದಿರವಾದರೂ ಊರಾಚೆ ಇದ್ದರೆ ಎರಡನೇ ಸಲಕ್ಕೇ ಉತ್ಸಾಹ ಇಳಿಯುತ್ತದೆ.

ಜನ ಮರೆಯುವ ಜಾಗಗಳೂ ಇವೆ. ಸಂಗೀತ, ನೃತ್ಯ, ಚಿತ್ರಕಲಾ ಕಾಲೇಜುಗಳಲ್ಲಿ ವರ್ಷದ ಕೊನೆಗೆ ವಿದ್ಯಾರ್ಥಿಗಳ ಪ್ರದರ್ಶನ ಇರುತ್ತದೆ, ಎಷ್ಟೋ ಕಡೆ ಟಿಕೆಟ್ಟೇ ಇಲ್ಲ. 1883ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಲಿಯಾನ್ಸ್ ಫ್ರಾನ್ಸೇಸ್, 1951ರಲ್ಲಿ ಜರ್ಮನಿಯಲ್ಲಿ ಶುರುವಾದ ಗಯಟೆ ಇನ್‌ಸ್ಟಿಟ್ಯೂಟ್ ಈಗ ಹಲವು ದೇಶಗಳ ನಗರಗಳಲ್ಲಿವೆ. ಇವು ಬರೀ ಭಾಷೆ ಕಲಿಸುವ ಶಾಲೆಗಳಲ್ಲ. ಸಿನಿಮಾ, ಸಂಗೀತ, ಪ್ರದರ್ಶನವೂ ಅಲ್ಲಿರುತ್ತವೆ.

ಆರಿಸಿದ ಜಾಗಗಳ ಇಮೇಲ್ ಪಟ್ಟಿಗೆ ಸೇರಿಕೊಳ್ಳಿ. ಸೋಷಿಯಲ್ ಮೀಡಿಯಾವನ್ನೇ ನಂಬಿ ಕೂರಬೇಡಿ. ಅಲ್ಲಿ ಪೋಸ್ಟ್ ಯಾವಾಗ ಕಾಣಬೇಕು ಎಂದು ತೀರ್ಮಾನಿಸುವುದು ನೀವಲ್ಲ, ಆ ಕಂಪನಿ.

ವರ್ಷದ ಗುರುತುಗಳು

ಕೆಲವು ದಿನಗಳು ಬದಲಾಗುವುದಿಲ್ಲ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಏಪ್ರಿಲ್ 29 ನೃತ್ಯ ದಿನ, ಏಪ್ರಿಲ್ 30 ಜಾಝ್ ದಿನ, ಮೇ 18 ವಸ್ತುಸಂಗ್ರಹಾಲಯ ದಿನ. 1982ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಜೂನ್ 21ರ ಸಂಗೀತ ದಿನ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ಈ ದಿನಗಳ ಆಸುಪಾಸಿನಲ್ಲಿ ನಿಮ್ಮ ಊರಲ್ಲೂ ಏನಾದರೂ ಇರುವ ಸಾಧ್ಯತೆ ಹೆಚ್ಚು. ಎರಡು ವಾರ ಮೊದಲೇ ಹುಡುಕಲು ಶುರುಮಾಡಿ.

ಇನ್ನು ಊರಿನದೇ ಸೀಸನ್ ಇರುತ್ತದೆ. ಸಂಗೀತ ಕಛೇರಿಗಳಿಗೆ ಹೆಸರಾದ ಚೆನ್ನೈಗೆ ಡಿಸೆಂಬರ್, ಕಲಾ ಉತ್ಸವಗಳಿಗೆ ಹೆಸರಾದ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಆಗಸ್ಟ್. ಕೆಲವು ಉತ್ಸವ ಪ್ರತಿ ವರ್ಷ ಬರುವುದೇ ಇಲ್ಲ. ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನ ಐದು ವರ್ಷಕ್ಕೊಮ್ಮೆ 100 ದಿನ ನಡೆಯುತ್ತದೆ. 'ಮುಂದಿನ ವರ್ಷ ನೋಡಿದರಾಯ್ತು' ಎನ್ನುವ ಮೊದಲು ಮುಂದಿನ ವರ್ಷ ಅದು ಇದೆಯಾ ಎಂದು ನೋಡಿಕೊಳ್ಳಿ.

ಕ್ಯಾಲೆಂಡರ್‌ನಲ್ಲಿ ಏನು ಬರೆಯಬೇಕು?

ಫೋನಿನ ಕ್ಯಾಲೆಂಡರ್‌ನಲ್ಲಿ ಇದಕ್ಕೆಂದೇ ಬೇರೆ ಬಣ್ಣ ಇಟ್ಟುಕೊಳ್ಳಿ. ಕಛೇರಿ, ನಾಟಕವಾದರೆ ಎರಡು ನಮೂದು: ಟಿಕೆಟ್ ಮಾರಾಟ ಶುರುವಾಗುವ ದಿನ, ಕಾರ್ಯಕ್ರಮದ ದಿನ. ಚಿತ್ರಪ್ರದರ್ಶನವಾದರೆ ಉದ್ಘಾಟನೆಯ ದಿನಕ್ಕಿಂತ ಮುಗಿಯುವ ದಿನ ಮುಖ್ಯ. ತಿಂಗಳಿಡೀ ಇರುವ ಪ್ರದರ್ಶನವನ್ನೇ ಜನ ತಪ್ಪಿಸಿಕೊಳ್ಳುವುದು. ಇವತ್ತಲ್ಲ ನಾಳೆ ಅಂದುಕೊಂಡೇ ತಿಂಗಳು ಕಳೆದಿರುತ್ತದೆ, ಅಲ್ವಾ? ಮುಗಿಯಲು ಹತ್ತು ದಿನ ಇರುವಾಗ ನೆನಪಿಸುವಂತೆ ಇಟ್ಟುಬಿಡಿ. ವಾರದ ರಜೆ ಯಾವತ್ತು ಎಂದೂ ಬರೆದುಕೊಳ್ಳಿ. ಸೋಮವಾರ ಬಾಗಿಲು ಹಾಕುವ ವಸ್ತುಸಂಗ್ರಹಾಲಯಗಳು ಬಹಳ.

ಪೋಸ್ಟರ್ ಓದುವ ಬಗೆ

ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್‌ನಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ತಾರೀಖು, ವಾರ ಎರಡೂ ಇದ್ದರೆ ತಾಳೆ ಹಾಕಿ. ಕಳೆದ ವರ್ಷ ಶನಿವಾರ ಬಿದ್ದ ತಾರೀಖು ಈ ವರ್ಷ ಭಾನುವಾರ ಬೀಳುತ್ತದೆ. ನಡುವೆ ಫೆಬ್ರುವರಿ 29 ಬಂದಿದ್ದರೆ ಸೋಮವಾರ. ಪೋಸ್ಟರ್‌ನಲ್ಲಿ ಶನಿವಾರ ಅಂತಿದ್ದು ನಿಮ್ಮ ಕ್ಯಾಲೆಂಡರ್ ಭಾನುವಾರ ಎಂದರೆ ಅದು ಹಳೇ ಪೋಸ್ಟರ್ ಆಗಿರಬಹುದು. ಯಾರೋ ಸುಮ್ನೆ ಮತ್ತೆ ಹರಿಯಬಿಟ್ಟಿರುತ್ತಾರೆ.

ಆಮೇಲೆ ಸಮಯ. ಬಾಗಿಲು ತೆರೆಯುವ ಹೊತ್ತೇ ಬೇರೆ, ಶುರುವಾಗುವ ಹೊತ್ತೇ ಬೇರೆ. ನಾಟಕಕ್ಕೆ ತಡವಾದರೆ ಒಳಗೆ ಬಿಡದೇ ಇರಬಹುದು. 'ಪ್ರವೇಶ ಉಚಿತ' ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಪಾಸ್ ಕಡ್ಡಾಯ' ಎಂದಿರುತ್ತದೆ. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂದಿದ್ದರೆ ಅರ್ಧ ಗಂಟೆ ಮುಂಚೆ ಹೋಗಿ. ಮಕ್ಕಳನ್ನು ಕರೆದೊಯ್ಯುವವರು ವಯಸ್ಸಿನ ಮಿತಿ ನೋಡಿಕೊಳ್ಳಿ.

ಟಿಕೆಟ್ ಸಿಗದಿದ್ದರೆ

ಮೊದಲ ದಿನವೇ ಖಾಲಿ ಎಂದರೂ ಕೈಚೆಲ್ಲಬೇಡಿ. ವಾಪಸ್ ಬಂದ ಟಿಕೆಟ್‌ಗಳು ಕೊನೇ ಗಳಿಗೆಯಲ್ಲಿ ಸಿಗುವುದುಂಟು, ನೇರ ಟಿಕೆಟ್ ಕೌಂಟರ್‌ಗೆ ಫೋನ್ ಮಾಡಿ ಕೇಳಿ. ಕೆಲವು ಕಡೆ ಅವತ್ತೇ ಮಾರಲೆಂದು ಒಂದಷ್ಟು ಟಿಕೆಟ್ ಎತ್ತಿಟ್ಟಿರುತ್ತಾರೆ. ಲಂಡನ್ನಿನಲ್ಲಿ 1895ರಿಂದ ನಡೆಯುತ್ತಿರುವ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಅವತ್ತಿನ ದಿನವೇ ಸಿಗುತ್ತದೆ. ಅಪರಿಚಿತರಿಂದ ಫೋನಿನಲ್ಲಿ ಟಿಕೆಟ್ ಕೊಳ್ಳಲು ಮಾತ್ರ ಹೋಗಬೇಡಿ. ನಿಮಗೇ ಟಿಕೆಟ್ ಸಿಕ್ಕಿತೆಂದು ಖುಷಿಯಲ್ಲಿ ಕ್ಯೂಆರ್ ಕೋಡ್ ಸಮೇತ ಫೋಟೊ ಹಾಕಲೂಬೇಡಿ. ಅದನ್ನು ಬೇರೆಯವರು ಮೊದಲೇ ತೋರಿಸಿ ಒಳಗೆ ಹೋದರೆ ನೀವು ಬಾಗಿಲಲ್ಲಿ ನಿಲ್ಲಬೇಕಾದೀತು.

ಮುಖ್ಯ ವೇದಿಕೆ ಸಿಗದಿದ್ದರೆ ಪಕ್ಕದ ವೇದಿಕೆ ನೋಡಿ. 1947ರಲ್ಲಿ ಎಡಿನ್‌ಬರೋದಲ್ಲಿ ಮೊದಲ ಉತ್ಸವ ನಡೆದಾಗ ಎಂಟು ನಾಟಕ ತಂಡಗಳು ಕರೆಯದೇ ಬಂದು, ಸಿಕ್ಕ ಜಾಗಗಳಲ್ಲಿ ಆಡಿದವು. ಆ ಕರೆಯದೇ ಬಂದವರ ಉತ್ಸವವೇ ಈಗ 'ಫ್ರಿಂಜ್' ಎಂಬ ಹೆಸರಿನಲ್ಲಿ ಮೂಲ ಉತ್ಸವಕ್ಕಿಂತ ದೊಡ್ಡದಾಗಿದೆ. ನನ್ನ ಕೇಳಿದರೆ, ಹೆಸರಾಂತರ ಕಛೇರಿಯ ಕೊನೇ ಸಾಲಿಗಿಂತ ಕಲಾವಿದರು ಮಾಡಿ ತೋರಿಸುತ್ತಾ ವಿವರಿಸುವ ಪ್ರಾತ್ಯಕ್ಷಿಕೆಯ ಮೊದಲ ಸಾಲು ವಾಸಿ. ಕಲಾವಿದರ ಕೈಬೆರಳು ಕಾಣುತ್ತದೆ, ಕೊನೆಗೆ ಪ್ರಶ್ನೆಯನ್ನೂ ಕೇಳಬಹುದು.

ಜೊತೆಗೆ ಯಾರೂ ಇಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ಒಂಟಿ ಸೀಟು ಸಿಗುವುದೇ ಸುಲಭ. ಬೇಸರವಾದರೆ ವಿರಾಮದಲ್ಲಿ ಎದ್ದು ಬರಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಬರುವಾಗ ಬಾಗಿಲ ಬಳಿ ಮುಂದಿನ ತಿಂಗಳ ಕರಪತ್ರ ಇಟ್ಟಿದ್ದರೆ ಒಂದು ತನ್ನಿ.